ಪಿಯುಸಿ ಪ್ರೇಮಿಗಳು ಹದಿನೈದು ವರ್ಷದ ಮೇಲೆ ಮತ್ತೆ ಸಿಗುವ ಕಾದಂಬರಿ: ಓದುವಾಗ ಎಲ್ಲಿ ಕಣ್ಣಿಡಬೇಕು?

ಕುಂದವಾಡ ಕೆರೆ | ಭಾನುವಾರ, ಬೆಳಗ್ಗೆ 10.15

ದಾವಣಗೆರೆಯ ನಮ್ಮ ಓದುಬಳಗ ಮುಂದಿನ ಸರದಿಗೆ ಒಂದು ‘ಸೆಕೆಂಡ್ ಚಾನ್ಸ್’ ಪ್ರೇಮಕಾದಂಬರಿ ಆರಿಸಿದೆ. ಪಿಯುಸಿ ವಯಸ್ಸಿನಲ್ಲಿ ಪ್ರೀತಿಸಿ ಅಗಲಿದ ಇಬ್ಬರು ಮೂವತ್ತು ದಾಟಿದ ಮೇಲೆ ಎದುರುಬದುರಾಗುವ ಕಥೆ. ಸುಮಾರು 320 ಪುಟ. ಒಂದು ಅಧ್ಯಾಯ ಈಗಿನದು, ಮುಂದಿನದು ಆಗಿನದು, ಹೀಗೆ ಸಾಗುತ್ತೆ. ಬಳಗದಲ್ಲಿ ಅರ್ಧ ಜನ ಈ ಬಗೆಯದನ್ನು ಓದಿಲ್ಲ. ಕೊನೆಗೆ ಒಂದಾಗ್ತಾರೆ ಅಂತ ಬೆನ್ನುಡಿಯಲ್ಲೇ ಗೊತ್ತಾದರೆ ಓದೋದು ಯಾಕೆ ಅಂತ ಅವರ ಪ್ರಶ್ನೆ. ಬಲ್ಲವರು ಹೇಳಿ: ಇಂಥ ಕಾದಂಬರಿ ಗಟ್ಟಿಯಾಗಿದೆಯೋ ಇಲ್ಲವೋ ಅಂತ ಯಾವುದರಿಂದ ಅಳೆಯೋದು? ಸಾಮಾನ್ಯವಾಗಿ ಎಲ್ಲಿ ಕೈಕೊಡುತ್ತೆ? ಚರ್ಚೆಗೆ ಪುಟಗಳನ್ನು ಹೇಗೆ ಹಂಚಿಕೊಳ್ಳಬೇಕು? ಪುಸ್ತಕಗಳ ಹೆಸರು ಬೇಡ, ಯಾರ ಓದಿನ ಖುಷಿಯೂ ಕೆಡಬಾರದು.

ಪುಟದಂಚು | ಭಾನುವಾರ, ಬೆಳಗ್ಗೆ 11.02

ಒಂದಾಗ್ತಾರೋ ಇಲ್ಲವೋ ಅನ್ನೋದು ಇಲ್ಲಿ ಪ್ರಶ್ನೆಯೇ ಅಲ್ಲ. ಆಗ ಮುರಿದದ್ದು ಈಗ ಮತ್ತೆ ಯಾಕೆ ಮುರಿಯೋದಿಲ್ಲ? ಕಾದಂಬರಿ ಉತ್ತರ ಕೊಡಬೇಕಾದ್ದು ಇದೊಂದಕ್ಕೆ. ಆ ಉತ್ತರ ಸಿಕ್ಕರೆ ಸುಖಾಂತ ನಂಬಿಕೆಯಾಗುತ್ತೆ, ಸಿಗದಿದ್ದರೆ ಇಬ್ಬರನ್ನೂ ಲೇಖಕರು ಎಳೆದು ತಂದು ನಿಲ್ಲಿಸಿದ ಹಾಗೆ ಕಾಣುತ್ತೆ.

ಆದ್ದರಿಂದ ಮೊದಲು ಹಿಡಿಯಬೇಕಾದ್ದು ಅಗಲಿಕೆಯ ಕಾರಣ. ಅದು ಹದಿನೈದು ವರ್ಷದ ಮೌನವನ್ನು ಹೊರುವಷ್ಟು ಭಾರ ಇರಬೇಕು, ಕ್ಷಮಿಸೋದಕ್ಕೆ ಆಗದಷ್ಟು ಭಾರ ಇರಬಾರದು. ಹುಡುಗ ಅವಳನ್ನು ಎಲ್ಲರೆದುರು ಅವಮಾನಿಸಿದ, ಹೊಡೆದ ಅಂತಾದರೆ ಅವರು ಸೇರೋದೇ ಓದುಗರಿಗೆ ಬೇಡವಾಗುತ್ತೆ. ಬಸ್ ಸ್ಟ್ಯಾಂಡಿನಲ್ಲಿ ಯಾರ ಜೊತೆಗೋ ಮಾತಾಡ್ತಿದ್ದಳು, ಇವನು ಅಪಾರ್ಥ ಮಾಡಿಕೊಂಡು ಊರು ಬಿಟ್ಟ ಅಂತಾದರೆ ಒಂದೇ ಒಂದು ಮಾತು ಕೇಳಿದ್ದರೆ ಮುಗೀತಿತ್ತಲ್ಲ ಅನ್ನಿಸುತ್ತೆ, 150ನೇ ಪುಟದ ಹೊತ್ತಿಗೆ ಇಬ್ಬರ ಮೇಲೂ ಸಿಟ್ಟು ಬರುತ್ತೆ.

ಗಟ್ಟಿಯಾಗಿ ನಿಲ್ಲೋದು ಇಂಥ ಕಾರಣ: ಹದಿನೆಂಟರಲ್ಲಿ ತಗೊಂಡದ್ದು ಆ ವಯಸ್ಸಿಗೆ ಅರ್ಥವಾಗುವಂಥ ತೀರ್ಮಾನ, ಮೂವತ್ತಮೂರರಲ್ಲಿ ಅದನ್ನೇ ತಗೊಂಡರೆ ತಪ್ಪು. ಉದಾಹರಣೆಗೆ, ಮಿಲ್ಲು ಮುಚ್ಚಿ ಅಪ್ಪನ ಕೆಲಸ ಹೋಗಿದೆ, ಮನೆ ಹುಡುಗನ ಹೆಗಲಿಗೆ ಬಿದ್ದಿದೆ. ಅವಳು ಓದೋಕೆ ಹೊರಗೆ ಹೋಗಲಿ ಅಂತ ‘ನನಗೆ ನೀನು ಬೇಡ’ ಅಂತ ಸುಳ್ಳು ಹೇಳಿ ಕಳಿಸ್ತಾನೆ. ಅವನ ಪಾಲಿಗೆ ಅದು ತ್ಯಾಗ. ಅವಳ ಪಾಲಿಗೆ, ತನ್ನ ಬದುಕಿನ ತೀರ್ಮಾನವನ್ನು ತನ್ನನ್ನು ಕೇಳದೆ ತಗೊಂಡ ಅಹಂಕಾರ. ಎರಡೂ ನಿಜ. ಹಾಗಾಗಿ ಅವನು ಬದಲಾಗಬೇಕಾದ್ದು ಏನು ಅನ್ನೋದೂ ಸ್ಪಷ್ಟ: ಕೆಟ್ಟ ಸುದ್ದಿಯನ್ನು ಮೊದಲು ಅವಳಿಗೆ ಹೇಳಬೇಕು, ತೀರ್ಮಾನವನ್ನು ಅವಳಿಗೆ ಬಿಡಬೇಕು.

ಈಗ ಕೊನೆಯ ಕಾಲುಭಾಗ ತೆಗೆದು ನೋಡಿ. ಅದೇ ಜಾತಿಯ ಪರೀಕ್ಷೆ ಮತ್ತೆ ಬಂತೇ? ಸಾಲ, ಕಾಯಿಲೆ, ದೂರದೂರಿನ ಕೆಲಸ, ಯಾವುದಾದರೂ ಸರಿ. ಬಂದಾಗ ಅವನು ಕೂತು ಹೇಳಿದನೇ? ಹೇಳಿದ್ದರೆ ಕಾದಂಬರಿ ಗೆದ್ದಿದೆ. ಪರೀಕ್ಷೆಯೇ ಬರದೆ ಮಳೆಯಲ್ಲಿ ಓಡಿಬಂದು ತಬ್ಬಿಕೊಂಡರೆ ಅಲ್ಲಿ ಬದಲಾದದ್ದು ಹವಾಮಾನ ಮಾತ್ರ.

ಹಳೇಪೇಟೆ | ಭಾನುವಾರ, ಮಧ್ಯಾಹ್ನ 12.20

ಪುಟದಂಚು ಅವರ ಮಾತು ಒಪ್ಪಿದೆ. ಅದಕ್ಕೆ ಬಚ್ಚಿಟ್ಟ ಪತ್ರದ ವಿಷಯ ಸೇರಿಸಬೇಕು, ಈ ಬಗೆಯ ಕಾದಂಬರಿಗಳಲ್ಲಿ ಅದು ಬಹಳ ಬರ್ತತಿ. ಅವನು ಬರೆದ, ಅವಳಪ್ಪ ಮುಚ್ಚಿಟ್ಟ, ಹದಿನೈದು ವರ್ಷ ಆದ ಮೇಲೆ ಟ್ರಂಕಿನಲ್ಲಿ ಸಿಕ್ತು. ನನಗೆ ಈ ತಂತ್ರದ ಮೇಲೆ ದ್ವೇಷ ಇಲ್ಲ, ಆದರೆ ಕೇಳಲೇಬೇಕಾದ ಪ್ರಶ್ನೆಗಳು ಅದಾವ.

ಒಂದೇ ಪತ್ರ ಯಾಕೆ ಬರೆದ? ಉತ್ತರ ಬರದಿದ್ದಾಗ ಕಾಲೇಜಿನ ವಿಳಾಸಕ್ಕೆ ಯಾಕೆ ಹಾಕಲಿಲ್ಲ? ಗೆಳತಿಯ ಕೈಲಿ ಯಾಕೆ ಕಳಿಸಲಿಲ್ಲ? ಅವಳಾದರೂ ಯಾಕೆ ಬರೆಯಲಿಲ್ಲ? ಲೇಖಕರು ಕನಿಷ್ಠ ಎರಡು ದಾರಿಯನ್ನಾದರೂ ನಮ್ಮ ಕಣ್ಣೆದುರಿಗೆ ಮುಚ್ಚಬೇಕು. ಗೆಳತಿಗೆ ಆ ಬೇಸಿಗೆಯಲ್ಲೇ ಮದುವೆಯಾಗಿ ಊರು ಬಿಟ್ಟಳು, ಹಾಸ್ಟೆಲಿನಲ್ಲಿ ವಾರ್ಡನ್ ಪತ್ರ ಒಡೆದು ನೋಡ್ತಿದ್ದರು, ಇಂಥದ್ದು ಸಾಕು. ಇನ್‌ಲ್ಯಾಂಡ್ ಲೆಟರ್ ಆದರೆ ಇನ್ನೊಂದು ಗಮನಿಸ್ರಿ: ಅದನ್ನು ಒಡೆಯದೆ ಓದೋಕಾಗಲ್ಲ. ಅಪ್ಪ ಓದಿದ್ದರೆ ಅಂಚು ಹರಿದಿರಬೇಕು. ‘ಅಂಟು ಬಿಡಿಸದ ಪತ್ರ’ ಅಂತ ಬರೆದು, ಮುಂದಿನ ಅಧ್ಯಾಯದಲ್ಲಿ ಅಪ್ಪನಿಗೆ ಅದರ ಒಕ್ಕಣೆ ಗೊತ್ತಿದ್ದರೆ ಅಲ್ಲಿ ಕಥೆ ಸೋರಿತು.

ಇನ್ನೂ ದೊಡ್ಡ ತೊಂದರೆ ಐತಿ. ತಪ್ಪೆಲ್ಲ ಅಪ್ಪನ ತಲೆಗೆ ಹೋದರೆ ಪ್ರೇಮಿಗಳಿಬ್ಬರಿಗೂ ಕಲಿಯೋದಕ್ಕೆ ಏನೂ ಉಳಿಯಂಗಿಲ್ಲ. ಪತ್ರ ಸಿಕ್ಕ ಕೂಡಲೇ ಕಥೆ ಮುಗಿದೇ ಹೋಯ್ತಲ್ಲ. ಚೆನ್ನಾಗಿ ಬರೆಯುವವರು ಪತ್ರದ ಹಿಂದೆ ಇನ್ನೊಂದು ಇಡ್ತಾರೆ: ಪತ್ರ ಬರದಿದ್ದಾಗ ಅವಳು ಅವನ ಬಗ್ಗೆ ಅಷ್ಟು ಬೇಗ ಕೆಟ್ಟದ್ದನ್ನೇ ನಂಬಿದ್ದು ಯಾಕೆ?

ಲೆಕ್ಕ ಬಿಡಿಸುವವಳು | ಭಾನುವಾರ, ಮಧ್ಯಾಹ್ನ 3.40

ನಾನು ಇಸವಿಗಳ ವಿಷಯ ಹೇಳ್ತೇನೆ, ಎರಡು ಕಾಲದ ಕಾದಂಬರಿ ಹೆಚ್ಚಾಗಿ ಇಲ್ಲೇ ಜಾರೋದು. ಓದುವಾಗ ಒಂದು ಹಾಳೆಯಲ್ಲಿ ಹುಟ್ಟಿದ ವರ್ಷ ಬರೆದುಕೊಳ್ಳಿ. ನಾಯಕಿ 1981ರಲ್ಲಿ ಹುಟ್ಟಿದಳು ಅಂತಿಟ್ಟುಕೊಳ್ಳೋಣ. ಎಸ್ಸೆಸ್ಸೆಲ್ಸಿ 1997, ಸೆಕೆಂಡ್ ಪಿಯುಸಿ 1999, ಮತ್ತೆ ಭೇಟಿ 2014ರಲ್ಲಿ ಅಂದರೆ ವಯಸ್ಸು 33.

ಕಥೆ ದಾವಣಗೆರೆಯದಾದರೆ ಇವಿಷ್ಟನ್ನು ತಾಳೆ ನೋಡಿ. ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ಕ್ಕೆ. ಅಂದರೆ ಈ ಹುಡುಗಿ ಹತ್ತನೇ ತರಗತಿ ಪರೀಕ್ಷೆ ಬರೆದಾಗ ಊರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. 1995ರ ಅಧ್ಯಾಯದಲ್ಲಿ ‘ದಾವಣಗೆರೆ ಜಿಲ್ಲಾಧಿಕಾರಿ’ ಬಂದರೆ ತಪ್ಪು. 2002ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯದ ಡಿಗ್ರಿ ಅಂದರೂ ತಪ್ಪು. ಅದು ಶುರುವಾದದ್ದು 2009ರಲ್ಲಿ, ಅದಕ್ಕೆ ಮೊದಲು ಇಲ್ಲಿನ ಡಿಗ್ರಿ ಕಾಲೇಜುಗಳು ಕುವೆಂಪು ವಿಶ್ವವಿದ್ಯಾಲಯದ ಕೆಳಗಿದ್ದವು. ಸಿಇಟಿ ಬಂದದ್ದು 1994ರಲ್ಲಿ, ಹಾಗಾಗಿ 1999ರ ಜೋಡಿಯನ್ನು ಸಿಇಟಿ ಸೀಟು ಬೇರೆ ಬೇರೆ ಊರಿಗೆ ಕಳಿಸಿತು ಅಂದರೆ ಸರಿಹೋಗುತ್ತೆ.

ಫೋನು ಇನ್ನೂ ಮುಖ್ಯ. ದೇಶದಲ್ಲಿ ಮೊಬೈಲ್ ಸೇವೆ ಶುರುವಾದದ್ದು 1995ರಲ್ಲಿ, ಒಳಬರುವ ಕರೆ ಉಚಿತವಾದದ್ದು 2003ರಲ್ಲಿ. 1999ರ ಪಿಯುಸಿ ಹುಡುಗರ ಕೈಲಿ ಮೊಬೈಲ್ ಇದ್ದರೆ ನಂಬಬೇಡಿ. ಅವರದು ಎಸ್‌ಟಿಡಿ ಬೂತಿನ ಕಾಲ, ಮನೆಗೆ ಲ್ಯಾಂಡ್‌ಲೈನ್ ಇದ್ದರೆ ಎತ್ತೋದು ದೊಡ್ಡವರು. ಹಾಗಾಗಿ ಆ ಪೀಳಿಗೆ ಸಂಪರ್ಕ ಕಳಕೊಳ್ಳೋದು ಸಹಜ. ಅಗಲಿಕೆ 2012ರದ್ದಾದರೆ ಬೇರೆಯದೇ ಲೆಕ್ಕ. ಫೇಸ್‌ಬುಕ್ಕು, ವಾಟ್ಸಾಪು ಎರಡೂ ಇದ್ದವು. ಹುಡುಕಿದರೆ ಸಿಗ್ತಾರೆ. ಅಲ್ಲಿ ‘ಎಲ್ಲಿದ್ದಾಳೋ ಗೊತ್ತಿಲ್ಲ’ ಅನ್ನೋದು ನಡೆಯಲ್ಲ. ಗೊತ್ತಿದ್ದೂ ಮೆಸೇಜು ಹಾಕದೆ ಇದ್ದದ್ದಕ್ಕೆ ಕಾರಣ ಬೇಕು. ಇವೆರಡೂ ಬೇರೆ ಬೇರೆ ಕಾದಂಬರಿಗಳು. ಮೊದಲನೆಯದರಲ್ಲಿ ಕಾಲ ಅವರನ್ನು ದೂರ ಇಟ್ಟಿತು, ಎರಡನೆಯದರಲ್ಲಿ ಅವರೇ ದೂರ ಇದ್ದರು. ಎರಡನೆಯದು ಬರೆಯೋಕೆ ಕಷ್ಟ, ಚೆನ್ನಾಗಿ ಬಂದರೆ ಹೆಚ್ಚು ತಾಕುತ್ತೆ.

ಜೋಗಿಮಟ್ಟಿ | ಭಾನುವಾರ, ಸಂಜೆ 5.05

ಮೇಡಂ ಹೇಳಿದ ಹಾಗೇ ದುರ್ಗದ ಕಡೆಯವೂ ಕೆಲವು. ವಾಣಿವಿಲಾಸ ಸಾಗರದ ಕೋಡಿ ಬಿದ್ದದ್ದನ್ನು ಪ್ರೇಮಿಗಳು 1998ರಲ್ಲಿ ಕೈಹಿಡಿದು ನೋಡಿದರು ಅಂತ ಬರೆದರೆ ಹಿರಿಯೂರಿನ ಯಾವ ಓದುಗನೂ ಮುಂದಿನ ಪುಟ ನಂಬಲ್ಲ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ಅದೇ ವಿಷಯವನ್ನು ಸರಿಯಾಗಿ ಬಳಸಿದರೆ ಎಷ್ಟು ಚೆಂದ: ತುಂಬದ ಜಲಾಶಯವನ್ನೇ ನೋಡಿ ಬೆಳೆದ ಇಬ್ಬರು, ಕೋಡಿ ನೋಡೋಕೆ ಜಿಲ್ಲೆಗೆ ಜಿಲ್ಲೆಯೇ ಬಂದ ಆ 2022ರಲ್ಲಿ ಒಬ್ಬರಿಗೊಬ್ಬರು ಸಿಕ್ಕರು ಅಂದರೆ ಭೇಟಿಗೆ ಬೇರೆ ನೆಪವೇ ಬೇಡ.

ಬೆಳದಿಂಗಳಲ್ಲಿ ಕೋಟೆ ಒಳಗೆ ಅಕ್ಕ-ತಂಗಿ ಹೊಂಡದ ಹತ್ತಿರ ಮಾತಾಡುವ ದೃಶ್ಯಗಳೂ ಬರ್ತವೆ. ಅದು ಪುರಾತತ್ವ ಇಲಾಖೆಯ ಸಂರಕ್ಷಿತ ಜಾಗ, ಟಿಕೆಟ್ಟು ಇದೆ, ರಾತ್ರಿ ಒಳಗೆ ಬಿಡಲ್ಲ.

ದೂರದ ಲೆಕ್ಕವನ್ನೂ ನೋಡಿ. ದುರ್ಗಕ್ಕೂ ದಾವಣಗೆರೆಗೂ ಸುಮಾರು 60 ಕಿಲೋಮೀಟರ್, ಹೆದ್ದಾರಿ, ಬಸ್ಸಿಗೆ ಕೊರತೆ ಇಲ್ಲ. ‘ಅವಳ ಅಪ್ಪನಿಗೆ ದುರ್ಗಕ್ಕೆ ವರ್ಗವಾಯಿತು, ಅಲ್ಲಿಗೆ ಎಲ್ಲ ಮುಗಿಯಿತು’ ಅನ್ನೋದು ಸಾಲದು. ಅಷ್ಟು ಹತ್ತಿರ ಇದ್ದೂ ಹೋಗಲಿಲ್ಲ ಅಂದರೆ ತಡೆದದ್ದು ದಾರಿಯಲ್ಲ, ಬೇರೆ ಏನೋ. ಅದನ್ನು ಹೇಳಬೇಕು.

ಖಾರಮಂಡಕ್ಕಿ | ಭಾನುವಾರ, ಸಂಜೆ 5.30

ಬೆಣ್ಣೆ ದೋಸೆಗೆ ಸಾಂಬಾರ್ ಬಡಿಸಿದ ಕೂಡಲೇ ಲೇಖಕರು ಊರಿಗೆ ಬಂದಿಲ್ಲ ಅಂತ ತಿಳೀರಿ. ಚಟ್ನಿ, ಆಲೂಗಡ್ಡೆ ಪಲ್ಯ, ಮೇಲೊಂದು ಬೆಣ್ಣೆ ಅಷ್ಟೇ. ದುಗ್ಗಮ್ಮನ ಜಾತ್ರೆಯೂ ಹಂಗೇ, ಅದು ಎರಡು ವರ್ಷಕ್ಕೊಮ್ಮೆ. ‘ಪ್ರತಿ ವರ್ಷ ಜಾತ್ರೆಯಲ್ಲಿ ಅವಳನ್ನು ಹುಡುಕಿದ’ ಅಂತ ಬರೆದರೆ ತಪ್ಪು. ‘ಮೂರು ಜಾತ್ರೆ ಕಳೆದವು’ ಅಂತ ಬರೆದರೆ ಆರು ವರ್ಷ ಹೋಯ್ತು ಅಂತ ಇಲ್ಲಿಯವರಿಗೆ ತಾನೇ ತಿಳೀತತಿ.

ಹರಿಹರ ಸೇತುವೆ | ಭಾನುವಾರ, ರಾತ್ರಿ 8.10

ಇಸವಿ ತಪ್ಪು ಹಿಡಿಯೋದು ಒಳ್ಳೆಯದೇ, ಆದರೆ ಓದುಬಳಗದಲ್ಲಿ ಅದೇ ಚರ್ಚೆಯಾಗಿ ಬಿಡಬಾರದು. ತಾರೀಖೆಲ್ಲ ಸರಿಯಿದ್ದೂ ಒಣಗಿದ ಕಾದಂಬರಿಗಳಿವೆ.

ನಾನು ಮುಖ್ಯ ಅಂದುಕೊಳ್ಳೋದು ಖಾಲಿ ಬಿದ್ದ ಹದಿನೈದು ವರ್ಷ. ಬಹಳ ಕಾದಂಬರಿಗಳಲ್ಲಿ ಇಬ್ಬರೂ ಆ ಅವಧಿಯಲ್ಲಿ ಬದುಕಿಯೇ ಇಲ್ಲ, ಮತ್ತೆ ಸಿಗಲಿ ಅಂತ ಕಾಯ್ತಾ ಕೂತಿದ್ದಾರೆ. ದಾವಣಗೆರೆಯಂಥ ಊರಿನಲ್ಲಿ ಮೂವತ್ತಮೂರರ ಹೆಣ್ಣು ಮದುವೆಯಾಗದೆ ಇದ್ದಾಳೆ ಅಂದರೆ ಎಷ್ಟು ಗಂಡು ನೋಡಿ ಹೋದರು, ಯಾರಿಗೆ ಏನು ಉತ್ತರ ಕೊಟ್ಟಳು, ಸಂಬಳ ಯಾರ ಕೈಗೆ ಹೋಗುತ್ತೆ, ತಮ್ಮನ ಮದುವೆ ತಡೆದಿದೆಯೇ, ಇದೆಲ್ಲ ಕಥೆಯಲ್ಲಿ ಇರಲೇಬೇಕು. ಅದು ಇದ್ದಾಗಲೇ ಅವಳು ಈಗ ಯಾರು ಅಂತ ಗೊತ್ತಾಗೋದು. ಹಳೆಯ ಹುಡುಗ ಪ್ರೀತಿಸಿದ್ದು ಹದಿನೇಳರ ಹುಡುಗಿಯನ್ನು. ಈ ಹೆಂಗಸನ್ನು ಅವನು ಹೊಸದಾಗಿ ಗುರುತು ಮಾಡಿಕೊಳ್ಳಬೇಕು. ‘ನೀನು ಒಂಚೂರೂ ಬದಲಾಗಿಲ್ಲ’ ಅನ್ನೋ ಮಾತು ಈ ಕಾದಂಬರಿಗಳಲ್ಲಿ ಮೆಚ್ಚುಗೆಯಾಗಿ ಬರುತ್ತೆ. ನಾಯಕಿ ಅದನ್ನು ತಿದ್ದುವ ಒಂದು ದೃಶ್ಯ ಇದೆಯೇ ನೋಡಿ. ಇದ್ದರೆ ಲೇಖಕರಿಗೆ ತಮ್ಮ ಕಸುಬು ಗೊತ್ತು.

ಸಂಭಾಷಣೆಯಲ್ಲೂ ಇದು ಕಾಣಬೇಕು. ಆಗ ‘ಬಾರಲೇ’ ಅಂತಿದ್ದವರು ಮೊದಲ ಭೇಟಿಯಲ್ಲಿ ಬಹುವಚನಕ್ಕೆ ಹೋಗ್ತಾರೆ, ಅದರಲ್ಲೂ ಜೊತೆಗೆ ಸಹೋದ್ಯೋಗಿ ಇದ್ದರೆ. ಏಕವಚನ ಯಾವ ಜಗಳದಲ್ಲಿ ಮರಳಿತು ಅಂತ ಗುರುತು ಹಾಕಿಕೊಳ್ಳಿ.

ಅಧ್ಯಾಯ ಒಂದು ಆಗಿನದು ಒಂದು ಈಗಿನದು ಅನ್ನೋ ಜೋಡಣೆ ನನಗೆ ಇಷ್ಟ. ನೆನಪು ಗಾಯದ ಪಕ್ಕದಲ್ಲೇ ಕೂರುತ್ತೆ.

ಪುಟದಂಚು | ಭಾನುವಾರ, ರಾತ್ರಿ 9.00

ಜೋಡಣೆಯ ಬಗ್ಗೆ ನನ್ನದು ಸ್ವಲ್ಪ ಬೇರೆ. ಕೊನೇತನಕ ಹಾಗೇ ಸಾಗಿದರೆ ಈಗಿನ ಕಥೆ ಸೊರಗುತ್ತೆ. ಆಗಿನ ಪ್ರೀತಿ ಬರೆಯೋದು ಸುಲಭ, ಓದೋದೂ ಸಿಹಿ. ಈಗಿನ ಜೋಡಿ ಸಾಲ, ಮಕ್ಕಳು, ಬಿಪಿ ಮಾತ್ರೆ ಎಲ್ಲದರ ನಡುವೆ ಪ್ರೀತಿಸಬೇಕು. ಲೇಖಕರು ಕಷ್ಟದ್ದನ್ನು ಬಿಟ್ಟು ಸಿಹಿಯ ಕಡೆಗೆ ಓಡ್ತಾರೆ. 320 ಪುಟದಲ್ಲಿ ಹಳೆಯ ಕಾಲಕ್ಕೆ 120 ಪುಟ ದಾಟಬಾರದು ಅಂತ ನನ್ನ ಅಳತೆ. ಅಗಲಿಕೆಯ ದೃಶ್ಯ 200ನೇ ಪುಟದ ಆಸುಪಾಸಿಗೆ ಬಂದು ಮುಗಿಯಬೇಕು. ಆಮೇಲೆ ಹಿಂದಕ್ಕೆ ಹೋಗುವ ಹಾಗಿಲ್ಲ. ಉಳಿದ 120 ಪುಟದಲ್ಲಿ ಎಲ್ಲರಿಗೂ ಎಲ್ಲ ಗೊತ್ತಿದೆ, ಈಗೇನು ಮಾಡ್ತೀರಿ ಅನ್ನೋದೊಂದೇ.

ಇನ್ನೊಂದು ಮೋಸ ಹಿಡಿಯಬೇಕು. ಅಧ್ಯಾಯ ನಾಯಕಿಯ ಮನಸ್ಸಿನೊಳಗಿಂದ ನಡೀತಿದೆ, ಅವಳಿಗೆ ಗುಟ್ಟು ಗೊತ್ತು, ಆದರೂ ‘ಆ ದಿನ ನೆನಪಾಗಿ ಕಣ್ಣು ಮುಚ್ಚಿದಳು’ ಅಂತ ಬರೆದು ನಮಗೆ ಹೇಳದೆ ದಾಟಿಸ್ತಾರೆ. ಒಂದು ಸಲ ಆದರೆ ಸಹಿಸಬಹುದು. ನಾಲ್ಕೈದು ಸಲ ಆದರೆ ಲೇಖಕರ ಬಳಿ ಬೇರೆ ಕುತೂಹಲವೇ ಇಲ್ಲ ಅಂತರ್ಥ. ಗುಟ್ಟು ಇಡಬೇಕಾದರೆ ಅದು ಗೊತ್ತಿಲ್ಲದವರ ಕಣ್ಣಿಂದ ಕಥೆ ಹೇಳಲಿ.

ಲೆಕ್ಕ ಬಿಡಿಸುವವಳು | ಸೋಮವಾರ, ಬೆಳಗ್ಗೆ 7.50

ಹರಿಹರ ಸೇತುವೆ ಅವರೇ, ಒಪ್ಪಿದೆ, ತಾರೀಖು ಚರ್ಚೆಯನ್ನು ನುಂಗಬಾರದು. ಆದರೂ ಕಾನೂನಿನ ಲೆಕ್ಕ ಒಂದಿದೆ, ಅದು ಕಥೆಯ ಬೆನ್ನೆಲುಬಿಗೇ ಸಂಬಂಧಿಸಿದ್ದು.

ಮದುವೆಗೆ ಹುಡುಗಿಗೆ 18, ಹುಡುಗನಿಗೆ 21 ಆಗಿರಬೇಕು. ಸೆಕೆಂಡ್ ಪಿಯುಸಿ ಮುಗಿಸಿದ ಒಂದೇ ವಯಸ್ಸಿನ ಜೋಡಿ ಓಡಿಹೋಗಿ ರಿಜಿಸ್ಟರ್ ಮದುವೆ ಆಗೋಕೆ ಬರಲ್ಲ. ಹುಡುಗ ಇನ್ನೂ ಮೂರು ವರ್ಷ ಕಾಯಬೇಕು, ಆ ಮೂರು ವರ್ಷದಲ್ಲಿ ಹುಡುಗಿಯ ಮನೆಯಲ್ಲಿ ಗಂಡು ನೋಡೋದು ನಿಲ್ಲಲ್ಲ. ಯಾವ ಖಳನಾಯಕನೂ ಇಲ್ಲದೆ ಇಬ್ಬರನ್ನು ಬೇರೆ ಮಾಡೋಕೆ ಇಷ್ಟು ಸಾಕು. ಈ ಮೂರು ವರ್ಷವನ್ನು ಬಳಸದೆ ಅಪಾರ್ಥಗಳನ್ನು ಕಟ್ಟುವವರನ್ನು ಕಂಡರೆ ಬೇಸರವಾಗುತ್ತೆ.

ಧರ್ಮ ಬೇರೆಯಾಗಿದ್ದು 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆ ಅಂದರೆ 30 ದಿನದ ನೋಟಿಸು ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕ್ತಾರೆ. ಗುಟ್ಟಾಗಿ ಬೆಳಗ್ಗೆ ಹೋಗಿ ಮಧ್ಯಾಹ್ನ ಸರ್ಟಿಫಿಕೇಟು ತಂದರು ಅನ್ನೋದು ಸುಳ್ಳು.

ಈಗಿನ ಕಾಲದ ನಾಯಕಿಗೆ ವಿಚ್ಛೇದನ ಆಗ್ತಿದ್ದರೆ: ಹಿಂದೂ ವಿವಾಹ ಕಾಯ್ದೆಯಲ್ಲಿ ಪರಸ್ಪರ ಒಪ್ಪಿಗೆಯದ್ದಾದರೆ ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ಆ ಆರು ತಿಂಗಳನ್ನು ಸಂದರ್ಭ ನೋಡಿ ಕೋರ್ಟು ಬಿಡಬಹುದು ಅಂತ ಸುಪ್ರೀಂ ಕೋರ್ಟು ಹೇಳಿದ್ದು 2017ರಲ್ಲಿ. 2014ರ ಕಥೆಯಲ್ಲಿ ಎರಡೇ ವಾರದಲ್ಲಿ ಬಿಡುಗಡೆ ಸಿಕ್ಕರೆ ಅಲ್ಲೊಂದು ಗೆರೆ ಎಳೆಯಿರಿ.

ಹಳೇಪೇಟೆ | ಸೋಮವಾರ, ಬೆಳಗ್ಗೆ 9.25

ಮೂರನೆಯವನ ವಿಷಯ ಯಾರೂ ಎತ್ತಲಿಲ್ಲ. ಅವಳಿಗೆ ನಿಶ್ಚಿತಾರ್ಥ ಆಗೈತಿ, ಹಳಬ ಬಂದ. ಈಗ ನಿಶ್ಚಯವಾದ ಗಂಡು ಕುಡುಕ ಅಂತಲೋ, ವರದಕ್ಷಿಣೆ ಕೇಳಿದ ಅಂತಲೋ ತೋರಿಸಿಬಿಟ್ಟರೆ ಅವಳ ಕೈ ಶುದ್ಧ. ಇದು ಸೋಮಾರಿತನ. ಆ ಮನುಷ್ಯ ಒಳ್ಳೆಯವನಾಗೇ ಇರಲಿ. ಕಲ್ಯಾಣ ಮಂಟಪಕ್ಕೆ ಮುಂಗಡ ಕೊಟ್ಟಾಗೈತಿ, ಲಗ್ನಪತ್ರಿಕೆ ಅಚ್ಚಾಗೈತಿ, ಬೀಗರ ಮನೆಯಲ್ಲಿ ಜವಳಿ ತಂದಾಗೈತಿ. ಅದನ್ನೆಲ್ಲ ಮುರಿಯುವ ಮಾತನ್ನು ಅವಳೇ ಹೋಗಿ ಅವನೆದುರಿಗೆ ಕೂತು ಹೇಳಬೇಕು. ಆ ದೃಶ್ಯ ಕಾದಂಬರಿಯಲ್ಲಿ ಐತೋ ಇಲ್ಲೋ ನೋಡ್ರಿ. ಅಧ್ಯಾಯದ ನಡುವೆ ‘ಮದುವೆ ನಿಂತಿತು’ ಅಂತ ಒಂದು ಸಾಲಿನಲ್ಲಿ ಮುಗಿಸಿದ್ದರೆ ಕಥೆಯ ಅತಿ ಕಷ್ಟದ ಜಾಗದಿಂದ ತಪ್ಪಿಸಿಕೊಂಡಂಗಾತು.

ಅಪ್ಪನ ಕ್ಷಮೆಯೂ ಹಿಂಗೇ. ಎದೆನೋವು, ಐಸಿಯು, ಮಗಳ ಕೈ ಹಿಡಿದು ಕಣ್ಣೀರು, ಎರಡು ಪುಟದಲ್ಲಿ ಎಲ್ಲ ಸರಿ. ಸಾಯೋ ಮಂಚದ ಮೇಲಿರೋರಿಗೆ ಮಗಳು ಎದುರು ಮಾತಾಡೋಕಾಗತೈತೇನು? ಅವಳ ಸಿಟ್ಟನ್ನು ಲೇಖಕರು ಬಾಯಿ ಮುಚ್ಚಿಸಿದಂಗೆ. ಅಪ್ಪ ಗಟ್ಟಿಮುಟ್ಟಾಗಿದ್ದಾಗಲೇ ಜಗಳ ಆಗಲಿ. ಕೊನೆಗೂ ಅವನು ಒಪ್ಪದಿದ್ದರೂ ಪರವಾಗಿಲ್ಲ, ಒಪ್ಪದೆಯೂ ಅವಳು ಹೋದಳು ಅನ್ನೋದೇ ಹೆಚ್ಚು.

ಹರಿಹರ ಸೇತುವೆ | ಸೋಮವಾರ, ಬೆಳಗ್ಗೆ 10.10

ಹಳೇಪೇಟೆ ಅಣ್ಣಾರು ಹೇಳಿದ್ದಕ್ಕೆ ಒಂದೇ ಸೇರಿಸ್ತೇನೆ. ನಾಯಕ ಕ್ಷಮೆ ಕೇಳುವ ಜಾಗದಲ್ಲಿ ಅವನು ಏನು ಮಾಡಿದ ಅಂತ ಬಾಯಿಬಿಟ್ಟು ಹೇಳಬೇಕು, ‘ನಿನ್ನ ಒಳ್ಳೆಯದಕ್ಕೇ ಮಾಡಿದೆ’ ಅಂತ ಸೇರಿಸಬಾರದು, ಅವಳ ಉತ್ತರಕ್ಕೆ ಸಮಯ ಕೊಡಬೇಕು. ಕ್ಷಮೆ ಕೇಳಿದ ಅಧ್ಯಾಯದಲ್ಲೇ ಅವಳು ಒಪ್ಪಿಬಿಟ್ಟರೆ ತುಸು ಅನುಮಾನದಿಂದ ಓದಿ.

ಕುಂದವಾಡ ಕೆರೆ | ಸೋಮವಾರ, ಮಧ್ಯಾಹ್ನ 1.15

ಎಲ್ಲರಿಗೂ ಧನ್ಯವಾದ, ಇಷ್ಟು ಸಿಗುತ್ತೆ ಅಂದುಕೊಂಡಿರಲಿಲ್ಲ. ಇನ್ನು ಪುಟ ಹಂಚೋದು ಹೇಗೆ ಹೇಳಿ. ಒಬ್ಬರು ಆ್ಯಪಿನಲ್ಲಿ ಕಂತು ಕಂತಾಗಿ ಬಂದ ಇಂಥದ್ದೇ ಕಥೆಯನ್ನು ಜೊತೆಗೆ ಓದೋಣ ಅಂತಿದ್ದಾರೆ. ಇನ್ನೊಬ್ಬರು ಹಿರಿಯರು, ಹಿಂದೆಮುಂದೆ ಹೋಗೋದು ಗೊಂದಲ, ಆಗಿನ ಅಧ್ಯಾಯಗಳನ್ನೆಲ್ಲ ಮೊದಲೇ ಓದಿ ಮುಗಿಸಬಹುದೇ ಅಂತ ಕೇಳ್ತಿದ್ದಾರೆ.

ಪುಟದಂಚು | ಸೋಮವಾರ, ಮಧ್ಯಾಹ್ನ 2.30

ನಾಲ್ಕು ಸಲ ಸೇರಿ. ಸುಮಾರು 80 ಪುಟಕ್ಕೊಂದು ಸಭೆ, ಆದರೆ ಪುಟದ ಲೆಕ್ಕಕ್ಕಿಂತ ನಿಲ್ಲುವ ಜಾಗ ಮುಖ್ಯ. ನಡೆಸಿಕೊಡುವವರು ಮೊದಲೇ ಪೂರ್ತಿ ಓದಿ, ಅಗಲಿಕೆಯ ಕಾರಣ ಬಯಲಾಗುವ ಅಧ್ಯಾಯ ಯಾವುದು ಅಂತ ಗುರುತು ಹಾಕಿಕೊಳ್ಳಲಿ. ಎರಡನೇ ಸಭೆಯ ಓದು ಅದರ ಹಿಂದಿನ ಅಧ್ಯಾಯಕ್ಕೆ ನಿಲ್ಲಬೇಕು. ಆ ಸಭೆಯಲ್ಲಿ ಪ್ರತಿಯೊಬ್ಬರೂ ಕಾರಣ ಏನಿರಬಹುದು ಅಂತ ಚೀಟಿಯಲ್ಲಿ ಬರೆದಿಡಲಿ. ಮೂರನೇ ಸಭೆಯಲ್ಲಿ ಚೀಟಿ ಬಿಚ್ಚಿ. ಎಲ್ಲರದೂ ಸರಿಯಾಗಿದ್ದರೆ ಲೇಖಕರು ಗುಟ್ಟನ್ನು ಸುಮ್ಮನೆ ಎಳೆದಿದ್ದಾರೆ. ಯಾರದೂ ಹತ್ತಿರಕ್ಕೂ ಬರದಿದ್ದರೆ ಸುಳಿವು ಕೊಡದೆ ಮೋಸ ಮಾಡಿದ್ದಾರೆ. ಒಬ್ಬಿಬ್ಬರದು ಹತ್ತಿರ ಬಂದಿದ್ದರೆ ಕೆಲಸ ಹದವಾಗಿದೆ.

ಅದೇ ಸಭೆಯಲ್ಲಿ ಆಗಿನ ಕಾಲದ ಮೊದಲ ಅಧ್ಯಾಯವನ್ನು ಜೋರಾಗಿ ಮತ್ತೊಮ್ಮೆ ಓದಿಸಿ. ಹತ್ತು ಹನ್ನೆರಡು ಪುಟ, ಅರ್ಧ ಗಂಟೆ ಹಿಡಿಯುತ್ತೆ. ಕಾರಣ ಗೊತ್ತಾದ ಮೇಲೆ ಅದೇ ಮಾತುಗಳಿಗೆ ಬೇರೆ ಅರ್ಥ ಬರಬೇಕು. ಹುಡುಗ ಫೀಸು ಕಟ್ಟೋ ದಿನ ಮಾತು ತಪ್ಪಿಸಿದ್ದು, ಟಿಫಿನ್ ಬೇಡ ಅಂದದ್ದು, ಇಂಥವು. ಏನೂ ಬದಲಾಗದಿದ್ದರೆ ಕಾರಣವನ್ನು ಆಮೇಲೆ ಅಂಟಿಸಿದ್ದಾರೆ.

ಕಂತಿನ ಕಥೆಯನ್ನು ಓದಿ, ಆದರೆ ಬೇರೆ ಅಳತೆಯಲ್ಲಿ. ವಾರಪತ್ರಿಕೆಯ ಧಾರಾವಾಹಿಗಳ ಕಾಲದಿಂದಲೂ ಕಂತು ಕುತೂಹಲದ ಜಾಗದಲ್ಲಿ ನಿಲ್ಲಬೇಕು, ಮುಂದಿನದರಲ್ಲಿ ಹಿಂದಿನದನ್ನು ನೆನಪಿಸಬೇಕು. ಆ್ಯಪಿನಲ್ಲಿ ಓದುಗರ ಕಾಮೆಂಟು ನೋಡಿ ಕಥೆ ಹಿಗ್ಗುವುದೂ ಇದೆ, ಆಗ ಅಪಾರ್ಥದ ಮೇಲೆ ಅಪಾರ್ಥ ಸೇರುತ್ತೆ. ಅಗಲಿಕೆಯ ಕಾರಣ ನಡುವೆ ಎಲ್ಲಾದರೂ ಬದಲಾಗಿದೆಯೇ ಅಂತ ಮಾತ್ರ ನೋಡಿ. ಮೊದಲ ಕಂತುಗಳಲ್ಲಿ ಹಣದ ತೊಂದರೆ ಇದ್ದದ್ದು ಕೊನೆಗೆ ಅತ್ತೆಯ ಸಂಚು ಆಗಿರುತ್ತೆ.

ಆ ಹಿರಿಯರಿಗೆ ಹೇಳಿ: ಮೊದಲ ಓದಿಗೆ ಬೇಡ. ಈಗಿನ ಜಗಳ ಏನು ಅಂತ ಗೊತ್ತಿಲ್ಲದೆ ಆಗಿನ ಅಧ್ಯಾಯಗಳನ್ನು ಸಾಲಾಗಿ ಓದಿದರೆ ಅದು ಬರೀ ಕಾಲೇಜು ಪ್ರೇಮಕಥೆ ಆಗಿಬಿಡುತ್ತೆ, ಗುಟ್ಟೂ ಅಲ್ಲೇ ಒಡೆಯುತ್ತೆ. ಗೊಂದಲ ತಪ್ಪಿಸೋಕೆ ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ಆಗಿನದು, ಬಲಕ್ಕೆ ಈಗಿನದು, ಅಧ್ಯಾಯಕ್ಕೊಂದು ಸಾಲಿನ ಹಾಗೆ ತಿಂಗಳು, ಇಸವಿ, ಯಾರಿಗೆ ಏನು ಗೊತ್ತಾಯ್ತು ಅಂತ ಬರೆದುಕೊಳ್ಳಲಿ. ಪುಸ್ತಕ ಮುಗಿದ ಮೇಲೆ ಬೇಕಾದರೆ ಎಡಗಡೆಯ ಅಧ್ಯಾಯಗಳನ್ನಷ್ಟೇ ಒಟ್ಟಿಗೆ ಓದಲಿ. ಲೆಕ್ಕ ಬಿಡಿಸುವವಳು ಹೇಳಿದ ಇಸವಿ ತಪ್ಪುಗಳು ಆಗ ಬೇಗ ಸಿಗ್ತವೆ.